‘ಒತ್ಕೊಳ್ಳಿ’ ಎನ್ನುತ್ತಿದ್ದವರು

ಖಾಲಿ ಜಾಗ ಕಂಡರೆ ಅವರಿಗಾಗದು. ಬೆಂಚಿನ ಮೇಲೆ ಇಬ್ಬರ ನಡುವೆ ಗೇಣುದ್ದ ತೆರವಿದ್ದರೂ “ಸ್ವಲ್ಪ ಒತ್ಕೊಳ್ಳಿ” ಎನ್ನುತ್ತಿದ್ದರು. ನಡೆಯುತ್ತ ನಡೆಯುತ್ತಲೇ ಮೊಣಕಾಲಿನಿಂದ ಕುರ್ಚಿಗಳನ್ನು ಒಂದಕ್ಕೊಂದು ತಾಗಿಸುತ್ತಿದ್ದರು. ಬಸ್ಸನ್ನೇ ಹತ್ತದೆ ಸೈಕಲ್ಲಿನಲ್ಲಿ ಓಡಾಡುವ ಮನುಷ್ಯನಿಗೆ ಕಚೇರಿಯವರು ಕಂಡಕ್ಟರ್ ಎಂದು ಹೆಸರಿಟ್ಟದ್ದು ಹೀಗೆ. “ಬಿಟ್ರೆ ನನ್ನ ಹಲ್ಲಿನ ಸಂದೂ ಮುಚ್ಚಿಬಿಡ್ತೀರಿ” ಎಂದು ಹೆಂಡತಿ ನಗುತ್ತಿದ್ದಳು.

ಪೈಪು, ನಲ್ಲಿ, ಒಲೆಗಳು ಹೇಗಿರಬೇಕೆಂದು ವಿಧಿಸುವ ಮಾನಕಗಳ ಹಳೆಯ ಬರಿ ಪಠ್ಯಕ್ಕೆ, ಇದು ಶೀರ್ಷಿಕೆ, ಇದು ನಿಯಮ, ಇದು ಕೋಷ್ಟಕದ ಒಂದು ಮನೆ ಎಂದು ಕಂಪ್ಯೂಟರಿಗೆ ತಿಳಿಯುವಂತೆ ಹಿಂದೆ ಮುಂದೆ ಟ್ಯಾಗ್ ಹಾಕುವುದು ಅವರ ಕೆಲಸ. “ನಾನು ಒಂದಕ್ಷರ ಮುಟ್ಟಲ್ಲ” ಎಂಬುದು ಅವರ ಹೆಮ್ಮೆ. ಅಕ್ಷರ ಮುಟ್ಟುತ್ತಿರಲಿಲ್ಲ, ನಿಜ. ಸಾಲಾಗಿ ಬಿದ್ದ ಸ್ಪೇಸುಗಳನ್ನು ಮಾತ್ರ ಮೊದಲೇ ಗುಡಿಸಿ ಒಂದಾಗಿಸುತ್ತಿದ್ದರು.

ಗ್ಯಾಸಿನ ರಬ್ಬರ್ ಕೊಳವೆಯ ಕೋಷ್ಟಕದಲ್ಲಿ, ತೆಳು ಕೊಳವೆಯ ಎದುರು, ‘ಒಲೆಯ ಪಕ್ಕ’ ಎಂಬಲ್ಲಿ ಅಂಕಿ ಇರಲಿಲ್ಲ, ಬರಿ ಸ್ಪೇಸುಗಳಿದ್ದವು. ಅಲ್ಲಿ ಬಳಸಕೂಡದು ಎಂದೇ ಆ ತೆರವಿನ ಅರ್ಥ. ಅವರು ಗುಡಿಸಿದ್ದೇ ತಡ, ಕೋಷ್ಟಕದ ಪಕ್ಕದ ಮನೆಯಲ್ಲಿದ್ದ ‘ಹೊರಾಂಗಣ’ದ ಅಂಕಿ ಜರುಗಿ ಬಂದು ಅಲ್ಲಿ ಕೂತಿತು. ಪರೀಕ್ಷಾಲಯದವರು ಫೋನ್ ಮಾಡಿ, “ಇದನ್ನ ನಂಬಿದ್ರೆ ಯಾರದೋ ಅಡುಗೆಮನೆ ಸುಡ್ತಿತ್ತಲ್ರೀ!” ಎಂದರು.

ಮೇಲಧಿಕಾರಿ ಕರಡು ತಿದ್ದುವಾಕೆಯನ್ನು ಎಲ್ಲರೆದುರು ನಿಲ್ಲಿಸಿ, “ಕಣ್ಣು ಎಲ್ಲಿಟ್ಟಿದ್ರಮ್ಮ?” ಎಂದು ಬೈದರು. ಪರದೆಯ ಮೇಲಿನ ಆ ಸಾಲು ತಮ್ಮದೇ ಕೈಕೆಲಸವೆಂದು ಗುರುತಿಸಿಯೂ ಕಂಡಕ್ಟರ್ ತುಟಿ ಬಿಚ್ಚಲಿಲ್ಲ.

ಚಹಾದ ಹೊತ್ತಿನಲ್ಲಿ ಆಕೆ ಬೆಂಚಿನ ನಡುವೆ ಒಬ್ಬಳೇ ಕೂತಿದ್ದಳು. ಅಭ್ಯಾಸಬಲದಿಂದ ಇವರ ಬಾಯಿ, “ಸ್ವಲ್ಪ ಒತ್ಕೊಳ್ಳಮ್ಮ” ಎಂದಿತು.

“ಬೇಡ ಸರ್. ಈ ಜಾಗ ಹೀಗೇ ಇರ್ಲಿ.”

ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ಅವರು ಲೋಟವನ್ನು ಅಲ್ಲೇ ಇಟ್ಟು ಮೇಲಧಿಕಾರಿಯ ಕೋಣೆಗೆ ಹೋಗಿ, “ಸ್ಪೇಸ್ ತೆಗೆದದ್ದು ನಾನು” ಎಂದರು.

“ಅಯ್ಯೋ, ಬಿಡಿ ಯಜಮಾನ್ರೇ, ನಿಮಗೂ ವಯಸ್ಸಾಯ್ತು!” ಎಂದು ಮೇಲಧಿಕಾರಿ ನಕ್ಕರು.

ಬೈಗುಳಕ್ಕೆಂದು ಬಗ್ಗಿಸಿಕೊಂಡು ಹೋದ ಕತ್ತು ಆ ನಗೆಗೆ ಇನ್ನೂ ಬಗ್ಗಿತು. ಅವಳಿಗೆ ಶಿಕ್ಷೆ ಎಲ್ಲರ ಮುಂದೆ, ಇವರಿಗೆ ಮಾಫಿ ಬಾಗಿಲ ಹಿಂದೆ. ಹೊರಬಂದು, ಮೇಜುಗಳ ನಡುವೆ ನಿಂತು, ಅದೇ ಮಾತನ್ನು ಗಟ್ಟಿಯಾಗಿ ಹೇಳಿದರು. ಕೀಲಿಮಣೆಗಳ ಸದ್ದು ನಿಂತಿತು. ಆಕೆ ತಿರುಗಲಿಲ್ಲ. “ಕೇಳಿಸ್ತು ಸರ್” ಎಂದಳು, ಅಷ್ಟೇ.

ಅಚ್ಚುಕಟ್ಟಿನ ಜನವೇ ಹೀಗೆ. ಬೇರೆಯವರು ಬಿಟ್ಟ ತೆರವೆಲ್ಲ ಅವರ ಕಣ್ಣಿಗೆ ಚುಚ್ಚುತ್ತದೆ. ತಾವು ಮಾತಾಡಬೇಕಾದಲ್ಲಿ ಬಿಟ್ಟ ತೆರವು ಕಾಣುವಷ್ಟರಲ್ಲಿ, ಅದರಲ್ಲಿ ಇನ್ನೊಬ್ಬರು ನಿಂತು ಬೈಸಿಕೊಂಡಾಗಿರುತ್ತದೆ. ದೇವರು ಮನ್ನಿಸಿಯಾನು. ಆ ಹೊತ್ತನ್ನು ಮಾತ್ರ ಅವನೂ ಹಿಂದಕ್ಕೆ ಜರುಗಿಸಿ ಕೊಡಲಾರ.