ತಳದ ಸಾಲು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೋಹ ಕಡೆಯುವ ಎರಡು ಲೇತ್ ಇಟ್ಟುಕೊಂಡು ಬಾಳುವ ಜಗದಾಂಬಾ ಸುಳ್ಳು ಹೇಳುವವಳಲ್ಲ. ಬೇಕಾದರೆ ಎಸ್ಟೇಟಿನಲ್ಲಿ ಯಾರನ್ನಾದರೂ ಕೇಳಿ. ಆದರೆ ಬಾಯಿ ತೆರೆಯದೆಯೂ ಸುಳ್ಳು ಹೇಳಬಹುದೆಂದು ಆ ಗುರುವಾರ ಅವಳು ಕಲಿತಳು, ಅದೂ ಐವತ್ತೆರಡನೆಯ ವಯಸ್ಸಿನಲ್ಲಿ.

ಪಂಪು ತಯಾರಿಸುವ ಕಂಪನಿಯೊಂದಕ್ಕೆ ಅಂದು ಸಂಜೆಯೊಳಗೆ ನಾನೂರು ಬುಷ್ ಕೊಡಬೇಕಿತ್ತು. ಬುಷ್ ಎಂದರೆ ಪಂಪಿನ ಶಾಫ್ಟಿಗೆ ತೊಡಿಸುವ ಕಂಚಿನ ಬಳೆ. ಅದರ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪಂಪು ಗಡಗಡ ಅದುರುತ್ತದೆ. ತೂತು ಕೊರೆಯುವ ಟೂಲ್ ಬದಲಿಸಿದ ಮೇಲೆ ಅಳತೆ ನೋಡಬೇಕೆಂಬುದು ಈ ಕಸುಬಿನ ಅಆಇಈ. ಹನ್ನೊಂದು ವರ್ಷ ಪಳಗಿದ ಕೈ ತಪ್ಪುವುದಿಲ್ಲ ಎಂಬ ಧಿಮಾಕಿನಲ್ಲಿ ಅವಳು ನೋಡಲಿಲ್ಲ. ನಲವತ್ತು ಬುಷ್ ಸಡಿಲಾಗಿ ಬಂದವು, ಮತ್ತೆ ಮಾಡಲು ಹೊತ್ತು ಉಳಿದಿರಲಿಲ್ಲ.

ಕಂಪನಿ ತಿಂಗಳಿಗೊಮ್ಮೆ ಅಂಕ ಕೊಡುತ್ತದೆ, ಸ್ಕೂಲಿನ ಹಾಗೆ. ಅವಳಿಗೆ ಯಾವತ್ತೂ ನೂರಕ್ಕೆ ನೂರು. ನಲವತ್ತು ಕಡಿಮೆ ಕೊಟ್ಟರೆ ತೊಂಬತ್ತು, ತೊಂಬತ್ತೈದಕ್ಕಿಂತ ಕೆಳಗಿಳಿದವರಿಗೆ ಮತ್ತೆ ಕೆಲಸವಿಲ್ಲ. ಅವಳಿಗೆ ಇನ್ನೊಂದು ಲೆಕ್ಕವೂ ಗೊತ್ತಿತ್ತು. ಕಂಪನಿಯಲ್ಲಿ ಮಾಲು ಪರೀಕ್ಷಿಸುವ ಚಿಕ್ಕಣ್ಣ ಕ್ರೇಟಿನ ಮೇಲಿನ ಸಾಲಿನಿಂದ ಐದೇ ಐದು ತೆಗೆದು ನೋಡುತ್ತಾರೆ. ತಳಕ್ಕೆ ಕೈ ಹಾಕಿದ್ದನ್ನು ಅವಳು ಕಂಡೇ ಇಲ್ಲ. ಸಡಿಲಾದ ನಲವತ್ತನ್ನೂ ತಳದಲ್ಲಿ ಜೋಡಿಸಿ, ಮೇಲೆ ಒಳ್ಳೆಯವನ್ನು ಹರಡಿದಳು. ಕೊಳೆತ ಟೊಮೇಟೊ ಅಡಿಯಲ್ಲಿಟ್ಟು ತೂಗುವವರಿಗೆ ಇದೇ ಜಗದಾಂಬಾ ಎಷ್ಟು ಹಿಡಿಶಾಪ ಹಾಕಿದ್ದಳೋ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಾಗಡಿ ರಸ್ತೆಯುದ್ದಕ್ಕೂ ಆಟೊ ಕುಲುಕಿದಾಗಲೆಲ್ಲ ಕ್ರೇಟನ್ನು ಮಗುವಿನಂತೆ ತಬ್ಬಿ ಹಿಡಿದಳು.

ಚಿಕ್ಕಣ್ಣ ಎಂದಿನಂತೆ ಐದು ತೆಗೆದರು. ಗೇಜು ಎಂಬ ಅಳತೆಕಡ್ಡಿಯ ಕೆಂಪು ತುದಿ ತೂತಿನೊಳಗೆ ಹೋಗಬಾರದು. ಐದರಲ್ಲಿ ಒಂದರಲ್ಲೂ ಹೋಗಲಿಲ್ಲ. ಸೀಲು ಒತ್ತಿದರು. ನಾಳೆ ತಾನು ರಿಟೈರ್ ಆಗುತ್ತಿದ್ದೇನೆ, ಇನ್ನು ಹೊಸಹಳ್ಳಿಯ ಮನೆಯಲ್ಲಿ ಮೊಮ್ಮಕ್ಕಳ ಕಾಟ ಎಂದು ನಕ್ಕರು. ಆಮೇಲೆ ಡ್ರಾಯರಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಇನ್ನು ಮುಂದೆ ಯಾರ ಮಾಲನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಡಬಹುದೆಂದು ಕಂಪನಿ ಅವರನ್ನು ಕೇಳಿತ್ತಂತೆ. ಕಾಗದದಲ್ಲಿ ಇದ್ದದ್ದು ಅವಳದೊಂದೇ ಹೆಸರು.

"ಮೊದಲ್ನೇ ಆರು ತಿಂಗಳು, ನೀವು ಹೋದ್ಮೇಲೆ ಕ್ರೇಟ್ ಪೂರ್ತಿ ಸುರಿದು ಒಂದೊಂದೂ ನೋಡ್ತಿದ್ದೆ ಕಣಮ್ಮ. ಒಂದೂ ಕೆಟ್ಟಿದ್ದು ಸಿಗ್ಲಿಲ್ಲ. ಆಮೇಲೆ ಬಿಟ್ಬಿಟ್ಟೆ. ಈಗ ಐದು ನೋಡೋದು ರೂಲ್ಸಿಗೆ ಅಷ್ಟೆ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಜಗದಾಂಬಾಗೆ. ಐದೇ ನೋಡುವುದನ್ನು ಇಷ್ಟು ದಿನ ಅವಳು ಮುದುಕನ ಸೋಮಾರಿತನವೆಂದೇ ಎಣಿಸಿದ್ದಳು. ಏನೋ ಒಂದು ಹೇಳಿ, ಕೈಮುಗಿದು ಗೇಟಿನವರೆಗೆ ಬಂದಳು. ಆಟೊದವನು ಸ್ಟಾರ್ಟ್ ಮಾಡಿದ. ಈ ನಾಚಿಕೆ ಹೊತ್ತುಕೊಂಡು ಮನೆಗೆ ಹೋಗಲಾರೆ ಎನಿಸಿ ತಿರುಗಿ ಒಳಗೆ ನಡೆದಳು.

"ಸಾರ್, ತಳದ ಸಾಲು ನೋಡಿ. ನಲವತ್ತು ಲೂಸ್ ಇದಾವೆ. ಗೊತ್ತಿದ್ದೇ ಇಟ್ಟೆ."

ಚಿಕ್ಕಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಾಗದವನ್ನು ಮಡಿಸಿ ಡ್ರಾಯರಿಗೆ ಹಾಕಿದರು. ಕ್ರೇಟನ್ನು ಮೇಜಿನ ಮೇಲೆ ಸುರಿದು ಒಂದೊಂದಕ್ಕೂ ಗೇಜು ಹಾಕತೊಡಗಿದರು. ಸಡಿಲಾದವನ್ನು ಪಕ್ಕದ ಡಬ್ಬಕ್ಕೆ ಹಾಕುತ್ತ ಹೋದರು. ಜಗದಾಂಬಾ ಮನಸ್ಸಿನಲ್ಲೇ ಎಣಿಸುತ್ತ ನಿಂತಳು. ನಲವತ್ತನೆಯದು ಡಬ್ಬಕ್ಕೆ ಬಿತ್ತು. ಮೇಜಿನ ಮೇಲೆ ಇನ್ನೂ ದೊಡ್ಡ ರಾಶಿಯಿತ್ತು.

"ಅಷ್ಟೇ ಸಾರ್. ಮಿಕ್ಕಿದ್ದೆಲ್ಲ ಸರಿಯಾಗಿದೆ, ದೇವರಾಣೆ."

ಚಿಕ್ಕಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನ ಬುಷ್ ಕೈಗೆತ್ತಿಕೊಂಡು ಅದಕ್ಕೂ ಗೇಜು ಹಾಕಿದರು.