ಕಾಲು ಮುಚ್ಚಿದ ಶಾಲು

ನನ್ನ ತಂಗಿ ಲಿಯೋನಾಗೆ ಪೋಲಿಯೋ ಬಂದಾಗ ಆರು ವರ್ಷ. ಈಗವಳಿಗೆ ಐವತ್ತೆಂಟು, ಓಡಾಟ ಗಾಲಿಕುರ್ಚಿಯಲ್ಲೇ. ವಾಷಿಂಗ್ಟನ್ನಿನ ರೂಸ್‌ವೆಲ್ಟ್ ಸ್ಮಾರಕದ ಬಾಗಿಲಲ್ಲಿ ಅವಳಂತೆಯೇ ಪೋಲಿಯೋದಿಂದ ಕಾಲು ಸೋತಿದ್ದ ಆ ಅಧ್ಯಕ್ಷರು ಗಾಲಿಕುರ್ಚಿಯಲ್ಲಿ ಕೂತ ಪ್ರತಿಮೆ ಇಟ್ಟರೆಂದು ಗೊತ್ತಾದ ದಿನದಿಂದ, "ಯಾವಾಗ ಕರ್ಕೊಂಡು ಹೋಗ್ತೀಯ, ಬರ್ನಿಸ್?" ಎಂದು ಒಂದೇ ಕಾಟ. ಅದು ಬೇಕೇ ಬೇಕೆಂದು ವರ್ಷಗಟ್ಟಲೆ ಕಾಗದ ಬರೆದವರಲ್ಲಿ ಅವಳೂ ಒಬ್ಬಳು.

ಏಪ್ರಿಲ್‌ನಲ್ಲಿ ಬಾಲ್ಟಿಮೋರಿನಿಂದ ಕರೆದೊಯ್ದೆ. ಪ್ರತಿಮೆ ನೆಲದ ಮೇಲೇ ಇತ್ತು. ಲಿಯೋನಾ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಹೋದಳು.

"ನನ್ನೆತ್ತರಕ್ಕೇ ಇದಾರೆ ನೋಡು! ಪಾಪ, ಕನ್ನಡಕ ಒರೆಸೋರೇ ಇಲ್ಲ," ಎಂದು ಕರವಸ್ತ್ರದಿಂದ ಒರೆಸಿಯೇಬಿಟ್ಟಳು.

ಒಳಗೆ ಮೊದಲಿಂದ ಇರುವ ದೊಡ್ಡ ಪ್ರತಿಮೆಯ ಮುಂದೆ ಅವಳ ನಗು ಇಂಗಿತು. ಅಲ್ಲಿ ಅಧ್ಯಕ್ಷರ ಮೈತುಂಬ ನಿಲುವಂಗಿ. ಕುರ್ಚಿ ಕಾಣುವುದೇ ಇಲ್ಲ. ಲಿಯೋನಾ ಪಕ್ಕಕ್ಕೆ ಸರಿದು, ಬಗ್ಗಿ, ಹಿಂದುಗಡೆ ಅಡಗಿದ್ದ ಪುಟ್ಟ ಗಾಲಿಯನ್ನು ಹುಡುಕಿದಳು.

"ಅವರೇ ಮುಚ್ಚಿಡ್ತಿದ್ರಲ್ಲ," ಎಂದೆ. "ಕುರ್ಚೀಲಿ ಕೂತ ಫೋಟೋ ತೆಗೆಯೋಕೆ ಬಿಡ್ತಿರ್ಲಿಲ್ಲವಂತೆ."

"ಅವರದನ್ನ ಅವರು ಮುಚ್ಕೊಂಡ್ರು. ನನ್ನದನ್ನ ಮುಚ್ಚಿದ್ದು ಯಾರು?"

ನನಗೆ ತಕ್ಷಣ ಅರ್ಥವಾಯಿತು. ನನ್ನ, ಕ್ಲೀಟಸ್‌ನ ಮದುವೆಯ ಫೋಟೋ. ಅವಳಿಗಾಗ ಹದಿನಾಲ್ಕು. ಕಾಲಿನ ಕಬ್ಬಿಣದ ಪಟ್ಟಿಗಳು ಕಾಣದಂತೆ ಅಮ್ಮನ ಹಸಿರು ಶಾಲು ಹೊದಿಸಿದ್ದು ನಾನು.

"ಚಳಿಯಾಗುತ್ತೆ ಅಂತ..."

"ಜುಲೈ ತಿಂಗಳ ಸೆಕೇಲಾ? ಚರ್ಚಿನಲ್ಲಿ ಹೆಂಗಸರೆಲ್ಲ ಬೀಸಣಿಗೆ ಬೀಸ್ಕೋತಿದ್ರು, ಬರ್ನಿಸ್."

ಅಮ್ಮ ಹೇಳಿದ್ದಳು ಎನ್ನಬಹುದಿತ್ತು. ಅವಳು ಸತ್ತು ಇಪ್ಪತ್ತು ವರ್ಷ. ಅಲ್ಲವೆನ್ನುವವರು ಯಾರೂ ಇಲ್ಲ. ಆದರೂ ಆ ಸುಳ್ಳಿಗೆ ಬಾಯಿ ಬರಲಿಲ್ಲ.

"ಕ್ಲೀಟಸ್ ಮನೆಯವರಿಗೆ ಹೆದರಿದ್ದೆ. ನಂಗೆ ಹುಟ್ಟೋ ಮಕ್ಕಳಿಗೂ ಹೀಗೇ ಆಗುತ್ತೆ ಅಂದ್ಕೊಂಡ್ರೆ ಅಂತ. ನಾಚಿಕೆನೂ ಆಗಿತ್ತು."

"ಗೊತ್ತಿತ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ."

"ಈಗ ಹೇಳಿದ್ನಲ್ಲ, ಲಿಯೋನಾ."

"ಕೇಳಿಸ್ಕೊಂಡೆ."

ಕುರ್ಚಿಯ ಹಿಡಿಯಿಂದ ನನ್ನ ಕೈ ತೆಗೆದಳು. ಕಾರಿನವರೆಗೂ ತಾನೇ ಚಕ್ರ ತಳ್ಳಿಕೊಂಡು ಹೋದಳು. ಏರಿನಲ್ಲಿ ಅವಳ ತೋಳುಗಳು ಸೋಲುತ್ತಿದ್ದವು. ನಾನು ಹಿಂದೆ ಬರಿಗೈಲಿ ನಡೆದೆ.

ಮೂರು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ. ಕ್ಲೀಟಸ್ ಕೇಳಿದಾಗ, "ನನ್ನ ಮೇಲೆ ಸಿಟ್ಟಾಗಿದಾಳೆ, ಆಗಬೇಕಾದ್ದೇ," ಎಂದೆ. ನಾಲ್ಕನೇ ವಾರ ಫೋನ್ ಬಂತು.

"ಗುರುವಾರ ಡಾಕ್ಟರ ಹತ್ರ ಹೋಗ್ಬೇಕು. ಕಾರು ತರ್ತೀಯಾ?"

ಕಾರು ತೆಗೆದುಕೊಂಡು ಹೋದೆ. ಹೋಗುವಾಗಲೂ ಬರುವಾಗಲೂ ಬೇಸ್‌ಬಾಲ್ ಆಟದ ಸುದ್ದಿಯನ್ನೇ ಹೇಳಿದಳು. ಕ್ಷಮಿಸು ಎನ್ನಲು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವಳು ರೇಡಿಯೋ ಜೋರು ಮಾಡಿದಳು.