ಮೆಟ್ಟಿಲ ತಿರುವಿನ ತಾಲೀಮು

ಗೂಬಿಯ ಕೆಲಸ ಗುಳ್ಳೆಗಳಿಗೆ ಮಾತು ತುಂಬುವುದು. ಪರಭಾಷೆಯ ಮಾಂಗಾ ಚಿತ್ರಕಥೆಗಳು ಅನುವಾದವಾಗಿ ಅವಳ ಕಂಪ್ಯೂಟರಿಗೆ ಬರುತ್ತಿದ್ದವು. ಪಾತ್ರಗಳ ಬಾಯಿಂದ ಹೊರಟ ಬಿಳಿ ಗುಳ್ಳೆಗಳೊಳಗೆ ಆ ಮಾತುಗಳನ್ನು ಅಂಚಿಗೆ ತಾಗದಂತೆ ಅವಳು ಕೂರಿಸಬೇಕು. ಎಂಟು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ದಪ್ಪ ಕನ್ನಡಕದ ಹಿಂದಿನ ದುಂಡು ಕಣ್ಣು ನೋಡಿ ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು, ಮನೆಯ ಹೊಸ್ತಿಲು ದಾಟಿ ಕಚೇರಿಗೂ ಬಂದು ತಳವೂರಿತ್ತು.

ಅವಳು ಮಾತು ತುಂಬುತ್ತಿದ್ದ ಕಥೆಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಒಂದು ಯುದ್ಧದ ಕಥೆ. ಅದರಲ್ಲಿ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊರುವವನೊಬ್ಬನಿದ್ದ. ಅನುವಾದದಲ್ಲಿ ಅವನಿಗೆ ಗಿಲಕಿ ಎಂದು ಹೆಸರು. ಯಾವಾಗಲೂ ನಗು, ಯಾವಾಗಲೂ ತಮಾಷೆ. ಕಾಲು ಕಳೆದುಕೊಂಡವನನ್ನು ಹೊತ್ತು ಓಡುವಾಗಲೂ "ಇನ್ಮೇಲೆ ನಿಂಗೆ ಒಂದೇ ಬೂಟು ಸಾಕಲ್ಲಪ್ಪ, ಇನ್ನೊಂದು ನಂಗೆ ಕೊಡು" ಎನ್ನುವಂಥ ಆಸಾಮಿ. ಓದುಗರಿಗೆ ಅವನೆಂದರೆ ಪ್ರಾಣ.

ಒಂದು ದಿನ ಸಂಪಾದಕಿ ಅವಳ ಮೇಜಿನ ಬಳಿ ಬಂದು ನಿಂತರು.

"ನಮ್ಮ ಜಾಲತಾಣಕ್ಕೆ ಗಿಲಕಿ ಬಗ್ಗೆ ಒಂದು ಲೇಖನ ಬೇಕು. ನೀನೇ ಬರಿ."

"ನಾನಾ ಮೇಡಂ? ನಾನು ಬರೆಯೋಳಲ್ಲ."

"ಬರೆಯೋರೆಲ್ಲ ನಗುವಿನ ಹಿಂದೆ ನೋವು ಅಂತ ಒಂದೇ ರಾಗ ಹಾಡ್ತಾರೆ. ನೀನು ಎಂಟು ವರ್ಷದಿಂದ ಅವನ ಬಾಯಲ್ಲಿ ಮಾತು ತುಂಬ್ತಿದ್ದೀಯ. ನಿಂಗೆ ಕಂಡಿದ್ದು ಬರಿ, ಸಾಕು."

ಗೂಬಿಗೆ ಕಂಡದ್ದೇನೋ ಇತ್ತು. ಹೆಚ್ಚು ಜನ ಸತ್ತ ಪುಟಗಳಲ್ಲಿ ಗಿಲಕಿಯ ಗುಳ್ಳೆಗಳು ದೊಡ್ಡವು. ಅಕ್ಷರ ಎಷ್ಟು ಕಿರಿದು ಮಾಡಿದರೂ ಅವನ ಮಾತು ಒಳಗೆ ಹಿಡಿಸುತ್ತಿರಲಿಲ್ಲ. ಅದೇ, ಹೊಳೆಯ ದಂಡೆಯಲ್ಲಿ ಸುಮ್ಮನೆ ಬಿಸಿಲು ಕಾಯುತ್ತ ಕೂತ ಪುಟದಲ್ಲಿ ಅವನಿಗೆ ಗುಳ್ಳೆಯೇ ಇಲ್ಲ. ಇದನ್ನು ಅವಳು ಬರೆದಳು, ಚೆನ್ನಾಗಿಯೇ ಬರೆದಳು. ಆದರೆ ಹತ್ತೊಂಬತ್ತನೆಯ ಸಂಪುಟದ ಒಂದು ಚಿತ್ರ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಡೇರೆಯ ಹಿಂದೆ ಗಿಲಕಿ ಒಬ್ಬನೇ ನಿಂತಿದ್ದಾನೆ. ನೋಡುವವರು ಯಾರೂ ಇಲ್ಲ. ಆದರೂ ಹಲ್ಲು ಬಿಟ್ಟು ನಗುತ್ತಿದ್ದಾನೆ. ಯಾರನ್ನೂ ನಂಬಿಸಬೇಕಾಗಿಲ್ಲದ ಕಡೆ ಯಾಕೆ ಈ ನಗು? ಮೂರು ದಿನ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ನಾಲ್ಕನೆಯ ದಿನ ಹೊಳೆಯಿತು, ಮನೆಯ ಮೆಟ್ಟಿಲ ಮೇಲೆ.

ಅವರ ಮನೆ ಮೂರನೆಯ ಮಹಡಿಯಲ್ಲಿ. ಅಪ್ಪ, ಅಮ್ಮ, ಅಕ್ಕ, ಗೂಬಿ. ಅಕ್ಕ ಮಕ್ಕಳ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೂದಲೆಳೆಯಂಥ ನರವನ್ನೂ ಬೆರಳ ತುದಿಯಲ್ಲೇ ಹುಡುಕಿ, "ಸೊಳ್ಳೆ ಇವತ್ತು ರಜೆ ಹಾಕಿದೆ ಪುಟ್ಟ, ಅದರ ಬದಲಿಗೆ ನಾನು ಬಂದಿದ್ದೀನಿ" ಎಂದು ಮಗು ನಗುವುದರೊಳಗೆ ಸೂಜಿ ಚುಚ್ಚಿ ತೆಗೆದಿರುತ್ತಿದ್ದಳು. ಮೂರು ವರ್ಷದ ಹಿಂದೆ ಗಂಡ ಇನ್ನೊಬ್ಬಳ ಜೊತೆ ಬೇರೆ ಮನೆ ಮಾಡಿದ. ಅಕ್ಕ ತವರಿಗೆ ಬಂದಳು. ಅದನ್ನೂ ಅವಳು ತಮಾಷೆಯಾಗಿಯೇ ಹೇಳುತ್ತಿದ್ದಳು: "ಸಾಮಾನು ಸರಿ ಇರ್ಲಿಲ್ಲ, ವಾಪಸ್ ಕೊಟ್ಟು ಬಂದೆ." ಸಂಜೆ ಅವಳು ಒಳಗೆ ಕಾಲಿಟ್ಟಳೆಂದರೆ ಮನೆಗೆ ಜೀವ. ಆಸ್ಪತ್ರೆಯ ಮಕ್ಕಳ ಕಥೆ ಹೇಳಿ ಅಪ್ಪನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು.

ಆ ಸಂಜೆ ಗೂಬಿ ತಾರಸಿಯಿಂದ ಒಣಗಿದ ಬಟ್ಟೆ ಎತ್ತಿಕೊಂಡು ಇಳಿಯುತ್ತಿದ್ದಳು. ಕೆಳಗಿನ ತಿರುವಿನಲ್ಲಿ ಅಕ್ಕ ನಿಂತಿದ್ದಳು. ಬ್ಯಾಗು ನೆಲದ ಮೇಲಿತ್ತು. ಮುಖದ ಮೇಲೆ ಏನೂ ಇರಲಿಲ್ಲ, ಒರೆಸಿದ ಹಲಗೆಯ ಹಾಗೆ. ಎರಡೂ ಅಂಗೈಯಿಂದ ಕೆನ್ನೆಗಳನ್ನು ಮೇಲಕ್ಕೆ ಉಜ್ಜಿಕೊಂಡಳು, ಮರಗಟ್ಟಿದ ಕಾಲನ್ನು ಉಜ್ಜುವಂತೆ. ಆಮೇಲೆ ಗೋಡೆಗೆ ಮೆಲ್ಲಗೆ ಹೇಳಿದಳು: "ಇವತ್ತು ಒಬ್ರು ಐದು ವರ್ಷದ ಸಾಹೇಬರು ಬಂದಿದ್ರು..." ನಿಲ್ಲಿಸಿದಳು. "ನಾಲ್ಕು ವರ್ಷದ ಸಾಹೇಬರು..." ಅದು ಸರಿಹೋಯಿತೆಂದು ಕಾಣುತ್ತದೆ. ಕೊನೆಗೆ ಒಮ್ಮೆ ನಕ್ಕಳು. ಆ ನಗು ಹಿಡಿಸದೆ ದನಿ ಸ್ವಲ್ಪ ತಗ್ಗಿಸಿ ಮತ್ತೆ ನಕ್ಕಳು. ಬ್ಯಾಗು ಎತ್ತಿಕೊಂಡು ಹೋಗಿ ಗಂಟೆ ಒತ್ತಿದಳು. ಬಾಗಿಲು ತೆರೆದು ಮುಚ್ಚಿದ ಸದ್ದು; ಸ್ವಲ್ಪ ಹೊತ್ತಿಗೆ ಒಳಗಿಂದ ಅಪ್ಪನ ನಗೆ.

ಗೂಬಿ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅಕ್ಕನಿಗಾಗಿ ಎದೆ ಹಿಂಡಿದಂತಾಯಿತು, ಸುಳ್ಳಲ್ಲ. ಆದರೆ ಅದಕ್ಕೂ ಒಂದು ಕ್ಷಣ ಮೊದಲು ಮನಸ್ಸಿಗೆ ಬಂದದ್ದು ಬೇರೆ: ಗಿಲಕಿ ತಾಲೀಮು ಮಾಡುತ್ತಿದ್ದಾನೆ!

ಆ ವಾರವೇ ಲೇಖನ ಮುಗಿಯಿತು. ನಡುವೆ ಒಂದು ಪ್ಯಾರಾದಲ್ಲಿ 'ನನಗೆ ಪರಿಚಯದ ಒಬ್ಬ ಹೆಂಗಸು' ಬಂದಳು. ಗೂಬಿ ಅವಳಿಗೆ ಬ್ಯಾಂಕಿನಲ್ಲಿ ಕೆಲಸ ಕೊಟ್ಟಳು, ಸಾಹೇಬರನ್ನು ಗಿರಾಕಿ ಮಾಡಿದಳು. ಗಂಡ ಬಿಟ್ಟದ್ದು, ಮೆಟ್ಟಿಲ ತಿರುವು, ಕೆನ್ನೆಗೆ ಅಂಗೈ, ಎರಡನೆಯ ನಗೆ ಹಾಗೇ ಉಳಿದವು. ಕೊನೆಗೆ ಕೇಳಿದಳು: ಇಂಥವರಿಗೆ ಈ ಮುಖವಾಡ ತೊಡಿಸುವವರು ಯಾರು? ಹತ್ತಿರದವರ ನೋವನ್ನು ನೋಡುವ ತಾಕತ್ತಿಲ್ಲದ ನಾವೇ ಅಲ್ಲವೇ? ಆ 'ನಾವೇ' ಬರೆದಾಗ ತನ್ನ ಪ್ರಾಮಾಣಿಕತೆಯನ್ನು ತಾನೇ ಮೆಚ್ಚಿಕೊಂಡಳು.

ಪ್ರಕಟವಾಗುವ ಮುನ್ನ ಮನಸ್ಸು ಹಿಂಜರಿಯಿತು. "ಆ ಹೆಂಗಸಿನ ಭಾಗ ತೆಗೆದುಬಿಡ್ಲಾ ಮೇಡಂ?" ಎಂದು ಕೇಳಿಯೂ ನೋಡಿದಳು.

"ಹುಚ್ಚಾ ನಿಂಗೆ? ಅದೇ ಇದರ ಜೀವ," ಎಂದರು ಸಂಪಾದಕಿ.

ಜೀವ ಎಂಬ ಮಾತು ಕೇಳಿದ ಮೇಲೆ ತೆಗೆಯಲು ಮನಸ್ಸಾಗಲಿಲ್ಲ.

ಲೇಖನ ಕಾಡ್ಗಿಚ್ಚಿನಂತೆ ಹಬ್ಬಿತು. ಗೊತ್ತಿಲ್ಲದವರು ಸಾಲು ಸಾಲಾಗಿ ಬರೆದರು: ಅತ್ತುಬಿಟ್ಟೆ, ಆ ಮೆಟ್ಟಿಲ ಹೆಂಗಸು ನಾನೇ, ಇಷ್ಟು ಕರುಣೆಯ ಬರಹ ಓದಿಯೇ ಇರಲಿಲ್ಲ. ಗೂಬಿ ಒಂದೊಂದನ್ನೂ ಎರಡೆರಡು ಸಲ ಓದಿದಳು. ನಾಲ್ಕನೆಯ ದಿನ ಆಸ್ಪತ್ರೆಯ ನರ್ಸೊಬ್ಬಳು ತನ್ನ ಫೋನನ್ನು ಅಕ್ಕನ ಮುಂದೆ ಹಿಡಿದಳಂತೆ: "ಇದು ನಿನ್ನ ತಂಗಿ ಬರೆದಿದ್ದಲ್ವಾ? ಈ ಹೆಂಗಸು ಕೆನ್ನೆ ಉಜ್ಜಿಕೊಳ್ಳೋದು ಥೇಟ್ ನಿನ್ನ ಹಾಗೇ ಇದೆ ಕಣೇ."

ಆ ಸಂಜೆ ಗಂಟೆ ಸದ್ದಾಯಿತು, ಅಕ್ಕ ಬಂದಳು, ಚಪ್ಪಲಿ ಬಿಟ್ಟಳು, ಕೂತಳು. ಅಪ್ಪ ಟಿ.ವಿ. ಸದ್ದು ತಗ್ಗಿಸಿ ಕಾದರು.

"ಏನಮ್ಮಾ, ಇವತ್ತು ಯಾವ ಸಾಹೇಬರೂ ಬರ್ಲಿಲ್ವಾ?"

"ಇಲ್ಲ."

"ಮೈ ಹುಷಾರಿಲ್ವಾ?" ಅಮ್ಮ ಹಣೆ ಮುಟ್ಟಲು ಹೋದರು.

"ಹುಷಾರಾಗಿದ್ದೀನಿ." ಅಕ್ಕ ತಲೆ ಹಿಂದಕ್ಕೆ ಎಳೆದುಕೊಂಡಳು. ಗೂಬಿಯ ಕಡೆ ತಿರುಗಿಯೂ ನೋಡಲಿಲ್ಲ. ಗೂಬಿಗೆ ಗೊತ್ತಾಗಿಹೋಯಿತು.

ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಅಕ್ಕತಂಗಿಯರು ಬಟ್ಟೆ ಹರವುತ್ತಿದ್ದರು. ಮೊದಲಿಂದಲೂ ಅದು ಅವರಿಬ್ಬರದೇ ಹೊತ್ತು. ಅಲ್ಲಿ ಅಕ್ಕ ತಮಾಷೆ ಮಾಡುತ್ತಿರಲಿಲ್ಲ. ಒದ್ದೆ ಬಟ್ಟೆ ಕೊಡವಿ ತಂತಿಗೆ ಹಾಕುತ್ತ ಸುಮ್ಮನಿರುತ್ತಿದ್ದಳು. ಎಂದಾದರೂ ಒಮ್ಮೆ "ಸುಸ್ತು ಕಣೇ" ಎನ್ನುತ್ತಿದ್ದಳು, ಅಷ್ಟೇ. ಗೂಬಿ ಎರಡು ರಾತ್ರಿ ಜೋಡಿಸಿಟ್ಟುಕೊಂಡ ಮಾತನ್ನು ಅಲ್ಲಿ ಹೊರಗೆ ಹಾಕಿದಳು.

"ಅಕ್ಕಾ, ನಿನ್ನನ್ನ ಕೇಳದೆ ಬರೆದಿದ್ದು ತಪ್ಪು. ಆದ್ರೆ ಒಂಥರಾ ಒಳ್ಳೇದೇ ಆಯ್ತು ಅನ್ಕೋ. ಇನ್ಮೇಲೆ ನೀನು ನಾಟಕ ಆಡಬೇಕಾಗಿಲ್ಲ. ಅಳಬೇಕು ಅನ್ಸಿದ್ರೆ ಅಳು. ನಾನಿದ್ದೀನಲ್ಲ."

"ಅತ್ರೆ ಎರಡನೇ ಭಾಗ ಬರೀತೀಯಾ?"

ಅಕ್ಕ ಇನ್ನೊಂದು ಅಂಗಿ ಕೊಡವಿದಳು.

"ಕೊನೇಲಿ ಏನೋ ಕೇಳಿದೀಯಲ್ಲ, ಮುಖವಾಡ ತೊಡಿಸಿದ್ದು ಯಾರು ಅಂತ. ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?"

"ಭಾವ ಮಾಡಿದ್ದಕ್ಕೆ ತಾನೇ..."

"ಅವನಿಗೆ ಅಷ್ಟು ಯೋಗ್ಯತೆ ಎಲ್ಲಿತ್ತು! ನಾನು ಆ ಮನೆ ಬಿಟ್ಟು ಬಂದ ದಿನ ಬಾಗಿಲು ತೆಗೆದಿದ್ದು ಯಾರು?"

"ನಾನು."

"ನಾನು ಅಳ್ತಾ ನಿಂತಿದ್ದೆ. ಉಸಿರು ಕೂಡ ಸರಿಯಾಗಿ ಬರ್ತಿರ್ಲಿಲ್ಲ. ನೀನು ಹೊರಗೆ ಬಂದು ಬಾಗಿಲು ಎಳ್ಕೊಂಡೆ. ಏನಂದೆ ಹೇಳು."

ಗೂಬಿಗೆ ನೆನಪಿರಲಿಲ್ಲ. ಇಲ್ಲವೆಂದು ಹೇಳುವಷ್ಟರಲ್ಲಿ ನೆನಪಾಯಿತು.

"'ಅಕ್ಕಾ ಪ್ಲೀಸ್, ಹೀಗೇ ಒಳಗೆ ಬರಬೇಡ. ಅಪ್ಪನಿಗೆ ಈಗಷ್ಟೇ ಹಾರ್ಟ್ ಆಪರೇಷನ್ ಆಗಿದೆ. ಮುಖ ಸರಿಮಾಡ್ಕೊಂಡು, ಏನಾದ್ರೂ ತಮಾಷೆ ಹೇಳ್ಕೊಂಡು ಬಾ' ಅಂದೆ ನೀನು. ನಾನು ವಾಪಸ್ ಇಳಿದು ಹೋಗಿ ಆ ತಿರುವಲ್ಲಿ ನಿಂತ್ಕೊಂಡೆ. ನೀನು ಅಷ್ಟು ಚೆನ್ನಾಗಿ ಬರೆದಿದೀಯಲ್ಲ, ಅದೇ ತಿರುವು." ಅಕ್ಕನ ದನಿ ಏರಲಿಲ್ಲ. "ನೀನು ಆಮೇಲೆ ಒಂದಿನಾನೂ ಕೇಳ್ಲಿಲ್ಲ. ಮೊನ್ನೆ ನೋಡಿದಾಗ್ಲೂ ಇಳಿದು ಬರ್ಲಿಲ್ಲ. ನಿಂತು ನೋಡಿ, ಹೋಗಿ ಬರ್ಕೊಂಡೆ."

ಖಾಲಿ ಬಕೆಟ್ಟು ಎತ್ತಿಕೊಂಡು ಅವಳು ಇಳಿದು ಹೋದಳು.

ಮುಂದಿನ ದಿನಗಳಲ್ಲಿ ಮನೆಗೆ ಗರ ಬಡಿದಂತಾಯಿತು. ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಸಿಡುಕಿದಳು. ಉಪ್ಪು ಜಾಸ್ತಿ ಎಂದಳು. ಕರೆದರೆ ಮೂರನೆಯ ಸಲಕ್ಕೆ ಓಗೊಟ್ಟಳು. ನಲ್ಲಿ ತಿರುಗಿಸಿ ಬಿಟ್ಟು ಮರೆತಳು. ಒಮ್ಮೆ ಅಮ್ಮನ ಮುಖ ನೋಡಿಕೊಂಡೇ, "ನಂಗೆ ಈ ಮನೆ ಇಷ್ಟ ಇಲ್ಲ, ಇರೋಕೆ ಬೇರೆ ಜಾಗ ಇಲ್ಲ ಅಂತ ಇದ್ದೀನಿ" ಎಂದುಬಿಟ್ಟಳು. ಗಿಲಕಿಯ ನಗೆ ಕಳಚಿದ ಪುಟದಲ್ಲಿ ಚಿತ್ರಕಾರ ಹಿಮ ಸುರಿಸಿದ್ದ, ಒಂದೇ ಒಂದು ಕಣ್ಣ ಹನಿ ಬರೆದಿದ್ದ. ನೋಡಿದವರೆಲ್ಲ ಅವನನ್ನು ಇನ್ನಷ್ಟು ಪ್ರೀತಿಸಿದರು. ಇಲ್ಲಿ ನಗೆಯ ಹಿಂದೆ ಇದ್ದದ್ದು ದಣಿದು, ಕಹಿಯಾಗಿ, ಎಲ್ಲರ ಮೇಲೂ ಮುನಿದ ಒಬ್ಬ ಹೆಂಗಸು. ಅವಳ ಜೊತೆ ಒಂದು ಊಟ ಮುಗಿಸುವುದೂ ಕಷ್ಟ. ಗೂಬಿ ಕಚೇರಿಯಿಂದ ತಡವಾಗಿ ಬರತೊಡಗಿದಳು. ಕೆಲಸವೇನೂ ಹೆಚ್ಚಿರಲಿಲ್ಲ.

"ಅದೇನು ಬರೆದೆಯೋ ನಂಗೆ ಗೊತ್ತಿಲ್ಲ," ಅಮ್ಮ ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದರು. "ನಗ್ತಾ ಇದ್ದ ಮಗಳನ್ನ ಹಾಳು ಮಾಡಿದೆ. ನೀನೇ ಸರಿಮಾಡು."

"ಆ ನಗು ನಿಜ ಅಲ್ಲ ಅಮ್ಮ."

"ನಿಜ ಕಟ್ಕೊಂಡು ಏನು ಮಾಡ್ಲಿ? ನಿಮ್ಮಪ್ಪ ನಿನ್ನೆಯಿಂದ ಸರಿಯಾಗಿ ತಿಂದಿಲ್ಲ."

ಮೂರನೆಯ ವಾರ. ನಾಲ್ವರೂ ಊಟಕ್ಕೆ ಕೂತಿದ್ದರು. ಅಪ್ಪ ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟರು.

"ನಾನೇನಮ್ಮಾ ತಪ್ಪು ಮಾಡಿದೆ ನಿಂಗೆ? ಹೇಳಾದ್ರೂ ಹೇಳು."

ಅಕ್ಕ ತಟ್ಟೆ ನೋಡುತ್ತ ಕೂತಿದ್ದಳು. ಅಪ್ಪನ ಕಣ್ಣಿಂದ ನೀರು ಇಳಿಯಿತು. ಅಮ್ಮ ಗೂಬಿಯನ್ನು ನೋಡಿದರು. ಅಮ್ಮ ನೋಡದಿದ್ದರೂ ಗೂಬಿ ಮುಂದಿನ ಮಾತನ್ನು ಹೇಳಿಯೇ ಹೇಳುತ್ತಿದ್ದಳು. ಆಮೇಲೆ ಎಷ್ಟು ಸಲ ಯೋಚಿಸಿದರೂ ಅವಳಿಗೆ ಇದು ಖಚಿತವಿತ್ತು.

"ಅಕ್ಕಾ, ಏನಾದ್ರೂ ಹೇಳೇ. ಆಸ್ಪತ್ರೇದು. ಪ್ಲೀಸ್."

ಅಕ್ಕ ತಲೆಯೆತ್ತಿ ತಂಗಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತನ್ನವಳೆಂದು ಲೆಕ್ಕಕ್ಕೆ ಹಿಡಿದಿದ್ದ ಒಬ್ಬಳನ್ನು ಕೈಬಿಟ್ಟವಳ ನೋಟ ಅದು. ಆಮೇಲೆ ಅವಳ ಕೆನ್ನೆಗಳು ಮೇಲೆದ್ದವು. ಉಜ್ಜುವ ಅಗತ್ಯವೂ ಬೀಳಲಿಲ್ಲ.

"ಇವತ್ತು ಒಬ್ರು ಆರು ವರ್ಷದ ಸಾಹೇಬರು ಬಂದಿದ್ರು ಅಪ್ಪ. 'ನನ್ನ ರಕ್ತ ತಗೊಂಡು ಏನು ಮಾಡ್ತೀರಿ?' ಅಂದ್ರು. 'ಪರೀಕ್ಷೆ ಮಾಡ್ತೀವಿ' ಅಂದೆ. 'ಪರೀಕ್ಷೇಲಿ ಫೇಲಾದ್ರೆ?' ಅಂದ್ರು. 'ಇನ್ನೊಂದ್ಸಲ ತಗೋತೀವಿ ಸಾರ್' ಅಂದೆ. ತೋಳು ಕೆಳಗೆ ಬಿಟ್ಕೊಂಡು ಎದ್ದೇಬಿಟ್ರು. 'ಹಾಗಾದ್ರೆ ನಾಳೆ ಬರ್ತೀನಿ, ಇವತ್ತು ರಕ್ತಕ್ಕೆ ಏನೂ ಓದ್ಸಿಲ್ಲ!'"

ಅಪ್ಪ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಕ್ಕನ ತಟ್ಟೆಗೆ ಇನ್ನಷ್ಟು ಬಡಿಸಿದರು. ಗೂಬಿಯೂ ನಕ್ಕಳು. ನಗೆ ತಡೆಯಲಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಮರುದಿನ ಅವಳು ಲೇಖನ ತೆಗೆದುಹಾಕಿ ಎಂದು ಸಂಪಾದಕಿಯನ್ನು ಕೇಳಿಕೊಂಡಳು. "ಜನ ಓದ್ತಿರೋದೇ ಅದೊಂದನ್ನ, ಅದನ್ನ ಹೇಗಮ್ಮ ತೆಗೆಯೋದು?" ಎಂದರು ಅವರು. ಲೇಖನ ಈಗಲೂ ಅಲ್ಲೇ ಇದೆ.

ಅಕ್ಕ ಹಳೆಯ ಅಕ್ಕನಾದಳು ಎಂದು ಅಪ್ಪ, ಅಮ್ಮ ಹಿಗ್ಗಿದರು. ಗೂಬಿಗೆ ಮಾತ್ರ ಬೇರೆ ಗೊತ್ತಿತ್ತು. ಅವಳು ಮೂರು ಸಂಜೆ ಬಟ್ಟೆಯ ನೆಪದಲ್ಲಿ ಮೇಲಿನ ಮೆಟ್ಟಿಲಲ್ಲಿ ಕಾದಳು, ಈ ಸಲ ಇಳಿದು ಹೋಗಬೇಕು ಎಂದುಕೊಂಡು. ಅಕ್ಕ ತಿರುವಿನಲ್ಲಿ ನಿಲ್ಲಲೇ ಇಲ್ಲ. ಬೀದಿಯಿಂದಲೇ ನಗು ಹೊತ್ತು ಬರುತ್ತಿದ್ದಳು. ಮೂರನೆಯ ಸಂಜೆ ಮೇಲೆ ನೋಡಿ, "ಏನೇ ಗೂಬಿ, ಇನ್ನೂ ಒಣಗಿಲ್ವಾ ಬಟ್ಟೆ?" ಎಂದು ಕಣ್ಣು ಮಿಟುಕಿಸಿ ಒಳಗೆ ಹೋದಳು. ಭಾನುವಾರದ ತಾರಸಿಯಲ್ಲೂ ಈಗ ತಮಾಷೆಯೇ. ಪಕ್ಕದ ಮನೆಯವರ ಬನಿಯನ್ನಿನ ತೂತಿನ ಬಗ್ಗೆ, ತಂತಿಯ ಮೇಲಿನ ಕಾಗೆಯ ಬಗ್ಗೆ. "ಸುಸ್ತು ಕಣೇ" ಎಂದು ಮತ್ತೆ ಒಂದು ದಿನವೂ ಹೇಳಲಿಲ್ಲ.

ಆರು ತಿಂಗಳಿಗೆ ಅಕ್ಕ ತಾನೇ ಕೇಳಿ ಬೇರೆ ಊರಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡಳು. ಹೊರಡುವ ದಿನ ಅಮ್ಮನನ್ನೂ ನಗಿಸಿಯೇ ಹೋದಳು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟು ಅಪ್ಪ, ಅಮ್ಮ ಎರಡೂ ಕಡೆ ಬಾಗಿ ಕೂರುತ್ತಾರೆ.

ಒಂದು ಸಲ ಗೂಬಿ ಫೋನು ಕಿತ್ತುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅಕ್ಕಾ, ಈಗ ನಾನೊಬ್ಬಳೇ ಇದ್ದೀನಿ. ನಿಜವಾಗಿ ಹೇಳು, ಹೇಗಿದ್ದೀಯ?"

ಗೂಬಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಿಜವಾಗಿ ಹೇಳ್ಲಾ? ನನ್ನ ಪಕ್ಕದ ರೂಮಲ್ಲಿ ಒಬ್ಬ ಗಿಟಾರ್ ಕಲೀತಿದಾನೆ ಕಣೇ. ಅವನ ಕೈಗೆ ಸಿಕ್ಕಿ ಆ ಗಿಟಾರೇ ಒಂದಿನ ಪೊಲೀಸ್ ಸ್ಟೇಷನ್ನಿಗೆ ಓಡಿಹೋಗಿ ದೂರು ಕೊಡುತ್ತೆ ನೋಡು."

ಆಮೇಲೆ ಅಕ್ಕನ ನಗೆ, ತಗ್ಗಿದ ದನಿಯ, ಎಲ್ಲೂ ಬಿರುಕಿಲ್ಲದ ನಗೆ. ಗೂಬಿಯೂ ನಗಬೇಕಾದಲ್ಲಿ ನಕ್ಕಳು. ಬಾಗಿಲಾಚೆಯಿಂದ ಅಮ್ಮ ಕೂಗಿದರು: "ಏನಂತೆ ಅವಳದು?"

"ಚೆನ್ನಾಗಿದ್ದಾಳಂತೆ ಅಮ್ಮ," ಎಂದಳು ಗೂಬಿ.